ಜಯಮ್ಮನ ಕೆಂಪು ಜಾಕೆಟ್ಟು

ಗಂಡ ಸತ್ತಿದ್ದ ಪಕ್ಕದ ಮನೆ ಜಯಮ್ಮ ಐವತ್ತನೇ ವಯಸ್ಸಲ್ಲಿ ಭಾರತೀನಗರದ ಮೇಷ್ಟ್ರನ್ನ ಮದ್ವೆಯಾದ್ಲು. ಸುದ್ದೀನ ನಮ್ಮೂರು ಆತಗೂರಿಗೆಲ್ಲ ಹಂಚಿದ್ದು ನಾನೇ. ಈಗ ಇಬ್ರೂ ಮನಾಲಿಗೆ ಹೋಗಿ, ಕಾಲಿಗೆ ಹಲಗೆ ಕಟ್ಕೊಂಡು ಮಂಜಿನ ಮೇಲೆ ಜಾರ್ತಾರಂತೆ. ದಪ್ಪ ಜಾಕೆಟ್ಟು ಕೊಳ್ಳಾಕೆ ಮಂಡ್ಯದ ಅಂಗಡಿಗೆ ನನ್ನನ್ನೂ ಕರ್ಕೊಂಡೋದ್ಲು.

ಅವಳ ಕಣ್ಣು ಕೆಂಪು ಜಾಕೆಟ್ಟಿನ ಮೇಲಿದ್ರೂ ಬೂದಿ ಬಣ್ಣದ್ದು ಕೈಗೆ ತಗೊಂಡು, "ಕೆಂಪು ಹಾಕಿದ್ರೆ ಜನ ಆಡ್ಕೋತಾರೆ ಕಣಕ್ಕ" ಅಂದ್ಲು.

"ಬೂದಿ ಹಾಕಿದ್ರೂ ಆಡ್ಕೋತೀವಿ. ಕೆಂಪೇ ಹಾಕಮ್ಮಿ" ಅಂದೆ.

ಹಾಕಿದ ಮೇಲೆ ಅಂಗಡಿ ಹುಡುಗಿ, "ಒಳಗೆ ಸ್ವೆಟ್ರೂ ಹಿಡೀಬೇಕು. ಯಾರನ್ನಾದ್ರೂ ತಬ್ಕೊಂಡು ನೋಡಿ, ಬೆನ್ನು ಬಿಗಿದ್ರೆ ದೊಡ್ಡದು ಕೊಡ್ತೀನಿ" ಅಂದ್ಲು.

ಜಯಮ್ಮ ಸುತ್ತಮುತ್ತ ನೋಡಿ ನನ್ನನ್ನೇ ತಬ್ಕೊಂಡ್ಲು. ಬೆನ್ನು ಬಿಗೀಲಿಲ್ಲ. ಆದ್ರೂ ಅವಳು ಬುಡ್ಲಿಲ್ಲ.

"ಅಜ್ಜಿ, ಅಳ್ತಿದೀರಾ?" ಅಂದ್ಲು ಹುಡುಗಿ, ನನ್ನ ಮುಖ ನೋಡಿ.

"ಬೆವರು ಕಣಮ್ಮಿ. ಜಾಕೆಟ್ಟು ಬಾಳ ಬೆಚ್ಚಗದೆ, ಕಟ್ಕೊಡು" ಅಂದೆ.