ಮುಂದಿನ ಚಕ್ರ ನೆಲ ಬಿಟ್ಟದ್ದು

ನಾನು ನಿಂತಿದ್ದದ್ದು ಕುಲಶೇಖರದ ಏರಿನ ಅರ್ಧದಲ್ಲಿ, ರಸ್ತೆಯ ಎಡಬದಿ, ಕೆಟ್ಟು ನಿಂತ ಬಸ್ಸಿನ ಹಿಂದಿನ ಚಕ್ರದಿಂದ ಎರಡು ಮಾರು ಆಚೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು. ದೀಪಾವಳಿ ಕಳೆದ ಮೇಲಿನ ಸೋಮವಾರ, ಬೆಳಿಗ್ಗೆ ಒಂಬತ್ತರ ಸುಮಾರು. ನನ್ನ ಕೈಯಲ್ಲಿ ಹಲಸಿನ ಮರದ ದಪ್ಪ ಬೆಣೆ ಇತ್ತು. ಬಸ್ಸು ಹಿಂದಕ್ಕೆ ಜಾರಿದರೆ ಅದನ್ನು ಚಕ್ರದ ಅಡಿಗೆ ಕೊಡುವುದು ನನ್ನ ಕೆಲಸ. ಅಲ್ಲಿಂದ ನನಗೆ ಬಸ್ಸೂ ಕಾಣುತ್ತಿತ್ತು, ಅದನ್ನು ಎಳೆಯಲು ಮುಂದೆ ನಿಂತಿದ್ದ ಪಿಕಪ್ಪಿನ ಎಡಗಡೆಯ ಮುಂದಿನ ಚಕ್ರವೂ ಕಾಣುತ್ತಿತ್ತು.

ಪಿಕಪ್ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಗೇಣಿಗೆ ಕೊಟ್ಟಿದ್ದ ಗದ್ದೆಗಳು ಕಾನೂನಿನಂತೆ ಒಕ್ಕಲುಗಳಿಗೆ ಹೋದ ಮೇಲೆ ಅವರು ಹರಾಜಿನಲ್ಲಿ ಒಂದು ಹಳೆಯ ಪೆಟ್ರೋಲ್ ಪಿಕಪ್ ಹಿಡಿದು, ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಕೆಟ್ಟ ಕಾರುಗಳನ್ನು ಗ್ಯಾರೇಜಿಗೆ ಎಳೆದು ತರುವುದು ಅದರ ಕೆಲಸ. ಅರ್ಧ ಪಾಲು ಬಂದರಿನಲ್ಲಿ ಹಳೆ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಬ್ಯಾರಿ ಮುಸ್ಲಿಮರೊಬ್ಬರದು. ಭಾವ ಅವರನ್ನು ‘ಸಾಹುಕಾರ್ರೇ’ ಎನ್ನುತ್ತಿದ್ದರು, ಅವರು ಭಾವನನ್ನು ‘ಧನಿಗಳೇ’ ಎನ್ನುತ್ತಿದ್ದರು. ಇಬ್ಬರೂ ಹೇಳುತ್ತಿದ್ದದ್ದು ಕೆಣಕಲಿಕ್ಕೆ.

ಕಾರುಗಳನ್ನಷ್ಟೇ ಎಳೆದು ಎರಡು ಮನೆ ನಡೆಯುವಂತಿರಲಿಲ್ಲ. ವಾಮಂಜೂರಿನ ಕಡೆಗೆ ಬಸ್ಸು ಓಡಿಸುತ್ತಿದ್ದ ಮಾಲೀಕರೊಬ್ಬರು ಆ ವರ್ಷ ಒಂದು ಮಾತು ಕೊಟ್ಟಿದ್ದರು. ಏರಿನಲ್ಲಿ ನಿಂತ ಬಸ್ಸನ್ನು ಈ ಪಿಕಪ್ ಮೇಲಕ್ಕೆ ತಂದರೆ ಅವರ ಎಲ್ಲ ಬಸ್ಸುಗಳ ಕೆಲಸ ಇವರಿಗೆ, ಇಲ್ಲವಾದರೆ ಕ್ರೇನಿನವರಿಗೆ. ಅದು ಸಿಗದಿದ್ದರೆ ಪಿಕಪ್ ಮಾರುವುದೇ ಸೈ ಎಂದು ಭಾವ ಅಕ್ಕನಿಗೆ ಹೇಳಿಯಾಗಿತ್ತು.

ಆ ಮಳೆಗಾಲ ಇಡೀ ಅಂಗಡಿಯ ಹಲಗೆಯ ಮೇಲೆ ಕುಳಿತು ಇಬ್ಬರೂ ಪಿಕಪ್ಪಿಗೆ ಬಲ ತುಂಬುವ ಯೋಜನೆ ಹಾಕಿದರು. ಪಂಪಿನ ಸ್ಕ್ರೂ ತಿರುಗಿಸಿ ಎಂಜಿನ್ನಿಗೆ ಡೀಸೆಲ್ ಹೆಚ್ಚು ಬಿಡಬೇಕೆಂದು ಭಾವನ ಆಸೆ.

“ಹಾಗೆ ಮಾಡಿದ್ರೆ ಹೊಗೆ ಮಾತ್ರ ಹೆಚ್ಚಾಗ್ತದೆ ಧನಿಗಳೇ. ಗಾಳಿ ಬೇಕು, ಗಾಳಿ,” ಎಂದರು ಸಾಹುಕಾರರು.

ಗಾಳಿಯ ವ್ಯವಸ್ಥೆ ಅವರ ಮನೆಯಲ್ಲೇ ಇತ್ತು. ದುಬಾಯಿಯಲ್ಲಿದ್ದ ಅವರ ತಮ್ಮ ರಜೆಗೆ ಬರುವಾಗ ಕಂಬಳಿಗಳ ನಡುವೆ ಸುತ್ತಿ ಒಂದು ಟರ್ಬೋ ತಂದಿದ್ದ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಕಬ್ಬಿಣ. ಎಂಜಿನ್ನಿನಿಂದ ಹೊರಬರುವ ಹೊಗೆಯೇ ಅದರೊಳಗಿನ ಫ್ಯಾನು ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ತಂದವನಿಗೆ ಅದು ಯಾವ ಗಾಡಿಯದೆಂದು ಗೊತ್ತಿರಲಿಲ್ಲ. ಪೈಪುಗಳನ್ನು ಕತ್ತರಿಸಿ, ಬಗ್ಗಿಸಿ, ಮೂರನೆಯ ಸಲಕ್ಕೆ ಅದನ್ನು ಕೂರಿಸಿದರು. ಭಾವನ ಸಮಾಧಾನಕ್ಕೆ ಪಂಪಿನ ಸ್ಕ್ರೂವನ್ನೂ ಸ್ವಲ್ಪ ತಿರುಗಿಸಿದರು. ಕ್ಲಚ್ ಪ್ಲೇಟ್ ದೊಡ್ಡದು ಹಾಕಿದರು. ಹಿಂದಿನ ಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗಬಾರದೆಂದು ಗಾಡಿಯ ಹಿಂಬದಿಯ ತುದಿಗೆ ಕೆಂಪುಕಲ್ಲು ಹೇರಿದರು.

“ಬ್ರೇಕಿಗೆ ಎಂತ ಮಾಡ್ತೀರಿ?” ಎಂದು ನಾನು ಕೇಳಿದೆ.

“ನಾವು ಹೊರಟದ್ದು ಎಳೀಲಿಕ್ಕೆ ಮಾರಾಯ, ನಿಲ್ಲಿಸ್ಲಿಕ್ಕಲ್ಲ,” ಎಂದರು ಭಾವ.

ಕೊಕ್ಕೆಯ ಮಾತು ಯಾರೂ ಎತ್ತಲಿಲ್ಲ. ಎಳೆಯುವ ಹಗ್ಗ ಕಟ್ಟುವ ಆ ಕೊಕ್ಕೆ ಪಿಕಪ್ಪಿನ ಹಿಂದೆ ಸೊಂಟದ ಎತ್ತರದಲ್ಲಿತ್ತು. ಭಾವ ಬಿಳಿ ಮುಂಡು ಬಿಟ್ಟು ಬೇರೆ ಉಟ್ಟವರಲ್ಲ. ನೆಲದಲ್ಲಿ ಮಲಗಿ ಹಗ್ಗ ಕಟ್ಟುವುದು ಬೇಡವೆಂದು, ನಿಂತೇ ಕಟ್ಟಬಹುದಾದಷ್ಟು ಮೇಲೆ ಅದನ್ನು ಬೆಸುಗೆ ಹಾಕಿಸಿದ್ದರು. ಕಾರು ಎಳೆಯುವಾಗ ಅದರಿಂದ ತೊಂದರೆಯೇನೂ ಆಗಿರಲಿಲ್ಲ.

ಆ ಸೋಮವಾರ ಬಸ್ಸಿನ ಗೇರ್‌ಬಾಕ್ಸ್ ಹೋಗಿತ್ತು. ಪ್ರಯಾಣಿಕರು ಇಳಿದು ಬೇರೆ ಬಸ್ಸು ಹಿಡಿದಿದ್ದರು. ಬಸ್ಸಿನ ಡ್ರೈವರ್ ತನ್ನ ಸೀಟಿನಲ್ಲಿದ್ದ, ಕಂಡಕ್ಟರ್ ಬಲಬದಿಯ ಚಕ್ರದ ಹತ್ತಿರ ಕಲ್ಲು ಹಿಡಿದು ನಿಂತಿದ್ದ. ಸಾಹುಕಾರರು ಪಿಕಪ್ಪಿನ ಆಚೆಬದಿಯಲ್ಲಿದ್ದರು. ಮಾಲೀಕರು ತಮ್ಮ ಕಾರಿಗೆ ಒರಗಿ ಬೀಡಿ ಹೊತ್ತಿಸಿದರು. ಮನೆಯಲ್ಲಿ ಕುಳಿತಿರಲಾರದೆ ಬಂದ ಅಕ್ಕ, ಪಿಕಪ್ಪಿನಿಂದ ತುಸು ಮೇಲೆ, ರಸ್ತೆಯ ಅಂಚಿನಲ್ಲಿ ಕೊಡೆ ಬಿಡಿಸಿ ನಿಂತಿದ್ದಳು.

ಭಾವ ಒಂದನೇ ಗೇರಿಗೆ ಹಾಕಿದರು. ಟರ್ಬೋ ಶಿಳ್ಳೆ ಹಾಕಿತು. ಹಗ್ಗ ಬಿಗಿಯಾಯಿತು, ಬಸ್ಸು ಕದಲಲಿಲ್ಲ. ಭಾವ ಎಕ್ಸಿಲರೇಟರ್ ಇನ್ನಷ್ಟು ಒತ್ತಿದರು. ಆಗ ಪಿಕಪ್ಪಿನ ಬಾಲ ಕುಸಿಯಿತು, ಮುಂದಿನ ಚಕ್ರ ನೆಲ ಬಿಟ್ಟಿತು. ಚಕ್ರದ ಅಡಿಯಿಂದ ಆಚೆಬದಿಯ ಹುಲ್ಲು ನನಗೆ ಕಂಡಿತು. ಚಕ್ರ ಗಾಳಿಯಲ್ಲಿ ಮೆಲ್ಲಗೆ ಎಡಕ್ಕೆ ಹೊರಳಿತು. ಭಾವ ಕಾಲು ತೆಗೆದಿರಬೇಕು. ಪಿಕಪ್ ದಡ್ಡನೆ ಕೆಳಗೆ ಬಿತ್ತು, ಡ್ರೈವರ್ ಬ್ರೇಕ್ ಒತ್ತುವ ಮೊದಲೇ ಬಸ್ಸು ಹಿಂದಕ್ಕೆ ಹೊರಟಿತು. ನಾನು ಬೆಣೆ ಕೊಟ್ಟೆ, ಕಂಡಕ್ಟರ್ ಕಲ್ಲು ಕೊಟ್ಟ. ಬೆಣೆ ಕರಕರ ಎಂದಿತು. ಬಸ್ಸು ನಿಂತಿತು.

ಭಾವ ಇಳಿಯಲಿಲ್ಲ. ನಾನು ಹತ್ತಿರ ಹೋದಾಗ ಅವರ ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು.

“ರಸ್ತೆಯೇ ಕಾಣ್ಲಿಲ್ಲ ಮಾರಾಯ. ಎದುರು ಆಕಾಶ ಉಂಟು.”

“ದುಬಾಯಿಯಿಂದ ವಿಮಾನದಲ್ಲಿ ಬಂದದ್ದಲ್ವಾ ಅದು? ಅಭ್ಯಾಸ ಬಿಡ್ಲಿಲ್ಲ,” ಎಂದರು ಸಾಹುಕಾರರು.

ಮಾಲೀಕರು ಬೀಡಿ ಎಸೆದು, “ಕ್ರೇನಿಗೆ ಹೇಳಿ ಕಳಿಸ್ತೇನೆ,” ಎಂದರು.

ಅದನ್ನು ಕೇಳಿ ಭಾವ ಇಳಿದರು. ಅವರೂ ಸಾಹುಕಾರರೂ ಹಗ್ಗವನ್ನೇ ನೋಡುತ್ತ ನಿಂತರು. ಅದು ಕೊಕ್ಕೆಯಿಂದ ಬಸ್ಸಿನ ಬುಡಕ್ಕೆ ಇಳಿಜಾರಾಗಿ ಹೋಗಿತ್ತು. ಬಲ ಹೆಚ್ಚಾದಷ್ಟೂ ಪಿಕಪ್ಪಿನ ಹಿಂಬದಿಯನ್ನೇ ಕೆಳಗೆ ಜಗ್ಗುತ್ತಿತ್ತು. ಹಗ್ಗ ಕೆಳಗೆ ಕಟ್ಟಬೇಕೆಂದು ಇಬ್ಬರಲ್ಲಿ ಯಾರು ಮೊದಲು ಹೇಳಿದರೋ, ಅದು ನನಗೆ ಕೇಳಿಸಲಿಲ್ಲ. ಕೆಂಪುಕಲ್ಲನ್ನೆಲ್ಲ ಎತ್ತಿ ಪಿಕಪ್ಪಿನ ಡ್ರೈವರ್ ಸೀಟಿನ ಬೆನ್ನಿಗೆ ಒತ್ತಿ ಪೇರಿಸಿದೆವು. ಭಾವ ಮುಂಡು ಎತ್ತಿ ಕಟ್ಟಿ, ಡಾಂಬರಿನ ಮೇಲೆ ಅಂಗಾತ ಮಲಗಿ, ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೇ ಹಗ್ಗ ಬಿಗಿದರು.

“ನೋಡಿ, ಧನಿಗಳು ನೆಲ ಕಂಡ್ರು,” ಎಂದರು ಸಾಹುಕಾರರು.

“ಬಾಯಿ ಮುಚ್ಚಿ ಗಂಟು ಹಿಡೀರಿ.”

ಈ ಸಲ ಹಗ್ಗ ನೆಲಕ್ಕೆ ಸಮನಾಗಿ ಬಿಗಿಯಾಯಿತು. ಚಕ್ರ ನೆಲದಲ್ಲೇ ಉಳಿಯಿತು. ಬಸ್ಸು ಒಮ್ಮೆ ನರಳಿ ಕದಲಿತು. ನಾನು ಬೆಣೆ ಹಿಡಿದು ಪಕ್ಕದಲ್ಲೇ ನಡೆದೆ, ಏರು ಮುಗಿಯುವವರೆಗೂ. ಮಾಲೀಕರು ಕ್ರೇನಿನ ಮಾತು ಮತ್ತೆ ಎತ್ತಲಿಲ್ಲ.

ಪಿಕಪ್ ಮಾರಲಿಲ್ಲ. ಬೇಸಗೆಯೊಳಗೆ ಕೊಕ್ಕೆ ಕೆಳಗಿಳಿಯಿತು, ಬ್ರೇಕೂ ಹೊಸತಾಯಿತು. ಆ ದಶಕ ಮುಗಿಯುವವರೆಗೆ ಅದು ಆ ಏರಿನಲ್ಲಿ ಬಸ್ಸುಗಳನ್ನು ಎಳೆದು, ಎರಡು ಮನೆಗಳನ್ನು ನಡೆಸಿತು. ಆದರೂ ಏರಿನಲ್ಲಿ ಒಂದು ಗಾಡಿ ಇನ್ನೊಂದನ್ನು ಎಳೆಯುವುದು ಕಂಡರೆ ನಾನು ಇವತ್ತಿಗೂ ನಿಂತು, ಅದು ದಾಟಿದ ಮೇಲೆಯೇ ಮುಂದೆ ಹೋಗುವವನು.

ಭಾವ ಈಗಿಲ್ಲ. ಮಾಲೀಕರೂ ಡ್ರೈವರೂ ಇಲ್ಲ. ಸಾಹುಕಾರರು ಕಾವೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಚಕ್ರ ಎದೆಯೆತ್ತರ ಎದ್ದಿತು ಎನ್ನುತ್ತಾರೆ. ಕಂಡಕ್ಟರ್ ವಾಮಂಜೂರಿನಲ್ಲಿದ್ದಾನೆ, ಮೊಣಕಾಲೆತ್ತರ ಎನ್ನುತ್ತಾನೆ. ಅವನಿದ್ದ ಬದಿಯಿಂದ ಎಷ್ಟು ಕಂಡಿತೋ ನಾನು ಹೇಳಲಾರೆ. ನಾನು ಕಂಡದ್ದು ಒಂದು ಗೇಣು. ಇನ್ನು ಇರುವವಳು ಅಕ್ಕ; ಅವಳು ಹೇಳುವುದೂ ಒಂದು ಗೇಣು.