ಗಂಜಿಯ ರುಚಿ ಹತ್ತಿದ ಮರಿ

ನಾಯಿ ಸಾಕುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗವಿದ್ದ ಮನೆಯವರು ಬೆಕ್ಕು ಸಾಕುತ್ತಿದ್ದರು, ನಾಯಿಯನ್ನಲ್ಲ. ನೂಲಿಗೆ ಗಂಜಿ ಹಚ್ಚಿರುತ್ತದೆ, ಆ ವಾಸನೆಗೆ ಇಲಿ ಬರುತ್ತವೆ, ಇಲಿಗೆ ಬೆಕ್ಕು ಬೇಕು. ನಾಯಿಗೆ ಅಲ್ಲಿ ಏನು ಕೆಲಸ? ಮೊಮ್ಮಗಳಿಗೆ ಇದನ್ನೇ ಹೇಳಿದೆ. ಅವಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಕಮತಗಿಯ ಗೆಳತಿಯ ಮನೆಗೆ ಹೋದವಳು ಅಲ್ಲಿಯ ಕುರಿ ಕಾಯುವ ನಾಯಿಯ ಮರಿಯೊಂದನ್ನು ಓಢಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಿಳಿದಳು.

"ಆಯಿ, ನಿನಗ ಜೊತಿ ಆಗತೈತಿ."

"ನನಗ ಜೊತಿ ಬೇಕಂತ ಯಾರ್ ಅಂದ್ರು?"

"ದಿನಾ ಮಗ್ಗದ ಕುಣಿಯೊಳಗ ಒಬ್ಬಾಕಿನ ಕುಂದರ್ತೀಯಲ್ಲ."

"ಕುಣಿ ಒಬ್ಬರ ಸಲುವಾಗಿನ ತೋಡಿದ್ದವ್ವ. ಇಬ್ಬರು ಕುಂತ್ರ ನೇಯಾಕ ಬರೂದಿಲ್ಲ."

ಅವಳು ನಕ್ಕಳು. ಮರಿಗೆ ಒಂದು ಇಂಗ್ಲಿಷ್ ಹೆಸರಿಟ್ಟಳು. ಅದು ನನ್ನ ನಾಲಗೆಯ ಮೇಲೆ ಹೊರಳಲಿಲ್ಲ, ನಾನು ಮರಿ ಎಂದೇ ಕರೆದೆ. ಮರುದಿನದ ಬಸ್ಸಿಗೆ ಅವಳು ಹೋದಳು, ಮರಿ ಉಳಿಯಿತು. ನಾಯಿ ಬೇಕು ಎಂದವರು ಬೇರೆ, ಅದರ ಉಚ್ಚೆ ಒರೆಸಿದವರು ಬೇರೆ.

ಆಗ ಮನೆಯಲ್ಲಿ ನಡೆದಿದ್ದ ಜಗಳವನ್ನು ಮೊದಲು ಹೇಳಬೇಕು. ಮುಂದಿನ ಕೋಣೆಯಲ್ಲಿ ನನ್ನ ಕುಣಿಮಗ್ಗವಿತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ನನ್ನ ಅತ್ತೆ ಅಲ್ಲೇ ಕುಳಿತು ನೇಯ್ದಿದ್ದಳು, ಅವಳ ನಂತರ ನಾನು ಕುಳಿತೆ. ನನ್ನ ಮಗ ಬೇರೆಯವರ ಅಂಗಡಿಯಲ್ಲಿ ಪವರ್‌ಲೂಮ್ ಸೀರೆ ಮಾರುತ್ತಾನೆ. ಕುಣಿ ಮುಚ್ಚಿ, ಟೈಲ್ಸ್ ಹಾಕಿ, ಅಲ್ಲಿ ತನ್ನದೇ ಅಂಗಡಿ ಇಡಬೇಕೆಂದು ಅವನಿಗೆ ಆಸೆ. ಆದರೆ ನಮ್ಮವರಲ್ಲಿ ಒಂದು ರೂಢಿ ಇದೆ. ಹಣಿಗೆಯಲ್ಲಿ, ಅಂದರೆ ನೂಲೆಲ್ಲ ಒಂದೊಂದಾಗಿ ಹಾದುಹೋಗುವ ಆ ಬಾಚಣಿಗೆಯಂಥದರಲ್ಲಿ, ನೂಲು ಇರುವ ತನಕ ಮಗ್ಗ ಕೀಳುವುದಿಲ್ಲ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೂ ಹೂಡಿದ ನೂಲು, ನೇಯ್ದು ಮುಗಿದರೆ ಅದರ ತುದಿಯನ್ನು ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಆ ತುದಿಗೆ ಬೆರಳಿನಿಂದ ಹೊಸೆದು ಕೆಚ್ಚುತ್ತೇವೆ. ಹಾಗಾಗಿ ಅತ್ತೆಯ ಕಾಲದಿಂದ ನಮ್ಮ ಹಣಿಗೆ ಖಾಲಿಯಾಗಿರಲಿಲ್ಲ. ದೇವರಿಗೆ ಕೈ ಮುಗಿಯಲು ಬೇಸರಪಡುವ ನನ್ನ ಮಗನೂ ಈ ರೂಢಿಗೆ ಹೆದರುತ್ತಿದ್ದ. ನಾನು ಒಂದು ಹಾಸಿನ ತುದಿಗೆ ಇನ್ನೊಂದನ್ನು ಕೆಚ್ಚುತ್ತ ಹೋದೆ, ಅವನು ಹಲ್ಲು ಕಚ್ಚಿಕೊಂಡು ಕಾಯುತ್ತ ಹೋದ. ಆ ತುದಿ ನೂಲಿನ ಮೇಲೆ ನನ್ನ ಮಗ್ಗ ನಿಂತಿತ್ತು.

ಅಂಥ ಮನೆಗೆ ಮರಿ ಬಂತು. ಸೊಸೆಯ ಚಪ್ಪಲಿ ಕಡಿಯಿತು, ಅಂಗಳದ ತುಳಸಿಕಟ್ಟೆಯ ಮಣ್ಣು ಕೆದರಿತು. ಅದೆಲ್ಲ ಹಾಳಾಗಿ ಹೋಗಲಿ, ಮಗ್ಗದ ಕೋಣೆಗೆ ಮಾತ್ರ ಬರಬಾರದು ಎಂದು ನಾನು ಕಸಬರಿಗೆ ಹಿಡಿದೆ. ಮೊಮ್ಮಗಳು ಫೋನಿನಲ್ಲಿ ನೋಡಿ ಬಾಯಿ ಮಾಡಿದಳು.

"ಆಯಿ, ಹೊಡೀಬ್ಯಾಡ! ಹೇಳಿದ್ದು ಕೇಳಿದ್ರ ಏನರ ತಿನ್ನಾಕ ಕೊಡು. ಹಂಗ ಕಲಸಬೇಕು ನಾಯಿಗೆ."

"ನಿಮ್ಮಪ್ಪಗೂ ಹಂಗ ತಿನ್ನಾಕ ಕೊಟ್ಟೇ ಬೆಳಿಸೇನಿ. ಅಂವ ಕೇಳ್ತಾನೇನು?"

"ಅಪ್ಪನ ಮಾತ ಬಿಡು. ನಾಯಿ ಶಾಣ್ಯಾ ಇರತೈತಿ."

ಆ ಮಾತು ಖರೆ ಅನಿಸಿತು. ಕಸಬರಿಗೆ ಕೆಳಗಿಟ್ಟೆ. ಬಿಸ್ಕೀಟು ಕೊಟ್ಟರೆ ಮರಿಗೆ ಹೊಟ್ಟೆ ಕೆಡುತ್ತಿತ್ತು, ಹಾಲು ಮುಟ್ಟಲು ಸೊಸೆ ಬಿಡುತ್ತಿರಲಿಲ್ಲ. ನನ್ನ ಕೈಗೆ ಯಾವಾಗಲೂ ಸಿಗುತ್ತಿದ್ದುದು ಗಂಜಿ. ನೂಲು ಒಣಗಿ ಹರಿಯಬಾರದೆಂದು ಮಗ್ಗದ ಪಕ್ಕದಲ್ಲಿ ಅಕ್ಕಿ ಗಂಜಿಯ ಬೋಗುಣಿ ಇಟ್ಟುಕೊಂಡಿರುತ್ತಿದ್ದೆ. ಅದರಲ್ಲೇ ಬೆರಳು ಅದ್ದಿ ನೆಕ್ಕಿಸಿದೆ. ಮರಿಗೆ ರುಚಿ ಹತ್ತಿತು.

ನಾನು ಕಲಿಸಿದ ಪಾಠ ಹೀಗಿತ್ತು. ನಾನು ಕುಣಿಯಲ್ಲಿ ಕುಳಿತಿರುತ್ತಿದ್ದೆ, ಮರಿ ಹೊಸ್ತಿಲಿಗೆ ಬರುತ್ತಿತ್ತು. "ಅಲ್ಲೇ ಕುಂದ್ರು" ಎಂದು ಗದರುತ್ತಿದ್ದೆ. ಮೊದಮೊದಲು ಕೇಳಲಿಲ್ಲ, ಆಮೇಲೆ ಕುಳಿತುಕೊಳ್ಳತೊಡಗಿತು. ಕುಳಿತರೆ ತಿನ್ನಲು ಕೊಡಬೇಕಲ್ಲ? ನನ್ನ ಮೊಣಕಾಲಿಗೆ ಕುಣಿಯಿಂದ ಎದ್ದು ಹೊಸ್ತಿಲಿನ ತನಕ ಹೋಗಿ ಬರುವ ತ್ರಾಣವಿಲ್ಲ. ಅದಕ್ಕೆ ಗಂಜಿಯ ಬೆರಳು ಚಾಚಿ "ಬಾ" ಎನ್ನುತ್ತಿದ್ದೆ. ಅದು ಬಾಲ ಆಡಿಸುತ್ತ ಬಂದು, ಹಾಸಿನ ಪಕ್ಕದಲ್ಲಿ ನಿಂತು ನೆಕ್ಕಿ, ಮತ್ತೆ ಹೊಸ್ತಿಲಿಗೆ ಹೋಗುತ್ತಿತ್ತು. ಒಳಗೆ ಬರಬಾರದೆಂದು ಕಲಿಸಲು ದಿನವೂ ಒಳಗೆ ಕರೆದೆ. ಪಕ್ಕದ ಮನೆಯಾಕೆಯೂ ನೇಯುವವಳೇ, ದಿನಾ ಬಂದು ನೋಡುತ್ತಿದ್ದಳು.

"ಅಕ್ಕಾರ, ಭಾಳ ಛಲೋ ಕಲಿಸೀರಿ ನೋಡ್ರಿ," ಎಂದಳು. ಅವಳಿಗೂ ಹೊಳೆಯಲಿಲ್ಲ. ಇಲಿ ಗಂಜಿಗೆ ಬರುತ್ತದೆಂದು ಗೊತ್ತಿದ್ದ ನಮಗೆ, ನಾಯಿಗೂ ಬಾಯಿ ಇದೆ ಎನ್ನುವುದು ತಿಳಿಯಲಿಲ್ಲ.

ಹಾಸು ಮುಗಿಯಿತು. ಹೊಸ ಹಾಸು ಮರುದಿನ ಬರುವುದಿತ್ತು. ಅಷ್ಟರಲ್ಲಿ ಹುನಗುಂದದಲ್ಲಿ ನಮ್ಮ ನೆಂಟರ ಮನೆಯ ಕೂಸಿಗೆ ಹೆಸರಿಡುವ ಕಾರ್ಯ. ಹೋಗುವ ಮೊದಲು ಹಣಿಗೆಯಲ್ಲಿ ಬಿಟ್ಟ ತುದಿ ನೂಲಿಗೆ ಗಂಜಿ ಸವರಿ ನೆಟ್ಟಗೆ ಮಾಡಿ, ಬಾಗಿಲು ಎಳೆದು ಚಿಲಕ ಹಾಕಿ ಹೋದೆ.

ಸಂಜೆ ಬಂದಾಗ ಬಾಗಿಲು ತೆರೆದೇ ಇತ್ತು. ಕುಣಿಯ ಬದಿಯಲ್ಲಿ ಒದ್ದೆ ನೂಲಿನ ಮುದ್ದೆ ಬಿದ್ದಿತ್ತು. ಹಣಿಗೆಯ ಹಿಂದಿನ ತುದಿಯನ್ನೆಲ್ಲ ಮರಿ ಜಗಿದು, ಹಿಡಿದೆಳೆದಿತ್ತು. ಎಳೆದ ರಭಸಕ್ಕೆ ಎಳೆಗಳು ಹಣಿಗೆಯಿಂದ ಕಳಚಿ ಬಂದಿದ್ದವು. ಅತ್ತೆಯ ಕಾಲದ ನಂತರ ಮೊದಲ ಸಲ ಹಣಿಗೆಯ ಹಲ್ಲು ಬರಿದಾಗಿದ್ದನ್ನು ಕಂಡೆ.

"ಬಾಗಲಾ ಯಾರ್ ತೆಗದ್ರು?"

ಸೊಸೆ ಕಲಾದಗಿ ಕಡೆಯ ಒಕ್ಕಲುತನದವರ ಮನೆಯ ಮಗಳು, ಸುಳ್ಳು ಹೇಳಲು ಬರುವುದಿಲ್ಲ. "ಟೈಲ್ಸಿನಾಂವನ್ನ ಅಳತಿ ತಗೊಳ್ಳಾಕ ಇವರು ಕರಕೊಂಡ ಬಂದಿದ್ರರಿ ಅತ್ತಿ. ಅಂವ ಹೋದ ಮ್ಯಾಲ ಬಾಗಲಾ ಹಾಕೂದು ಮರತ್ವಿ. ಮರಿ ಮೊದಲ ಹೊಸ್ತಿಲದಾಗ ಎಷ್ಟ ಶಿಸ್ತಲೆ ಕುಂತಿತ್ತರಿ! ನೋಡಿ ನಕ್ಕೆ ಸೈತ. ಆಮ್ಯಾಲ ನಾ ರೊಟ್ಟಿ ಮಾಡಾಕ ಹ್ವಾದೆ."

ಅಂದರೆ ಅದು ಕಲಿಸಿದಂತೆಯೇ ಮಾಡಿತ್ತು. ಹೊಸ್ತಿಲಲ್ಲಿ ಕುಳಿತು ಕರೆಯುವುದನ್ನು ಕಾದಿತ್ತು. ಯಾರೂ ಕರೆಯಲಿಲ್ಲ. ತಾನೇ ಎದ್ದು ಗಂಜಿಯ ವಾಸನೆ ಇದ್ದ ಕಡೆ ಹೋಯಿತು.

ಕಸಬರಿಗೆ ತೆಗೆದುಕೊಂಡೆ. ಅದು ಓಡಲಿಲ್ಲ. ನನ್ನ ಮುಂದೆ ಬಂದು ಕುಳಿತು ಬೆರಳಿನ ಕಡೆ ನೋಡಿತು. ಆದರೂ ಬಾರಿಸಿದೆ. ಯಾರನ್ನೋ ಬಾರಿಸಬೇಕಿತ್ತು, ಕೈಗೆ ಸಿಕ್ಕಿದ್ದು ಅದು.

ಮಗ ಬಂದ. ಮುಖ ಸಪ್ಪಗೆ ಮಾಡಿಕೊಂಡು, "ಬರೇ ಅಳತಿ ನೋಡಿದ್ದವ್ವ. ನಾ ಏನರ ಮುಟ್ಟೇನೇನು? ನಾಯಿ ಮಾಡಿದ್ದು," ಎಂದ.

"ಹೌದಪಾ, ನಾಯಿ ಮಾಡಿದ್ದು. ಟೈಲ್ಸಿನಾಂವಗೂ ನಾಯಿನ ಫೋನ್ ಮಾಡಿತ್ತು."

ಬೇಕೆಂದೇ ಬಾಗಿಲು ತೆರೆದಿಟ್ಟ ಎಂದು ನಾನು ಹೇಳುವುದಿಲ್ಲ. ಅಷ್ಟು ಕೆಟ್ಟವನಲ್ಲ. ಆದರೆ ಮರೆಯುವುದಕ್ಕೆ ಅವನಿಗೆ ಸಿಕ್ಕಿದ್ದು ಅದೇ ಬಾಗಿಲು.

ಬರಿದಾದ ಹಣಿಗೆಗೆ ಮತ್ತೆ ನೂಲು ತುಂಬಲು ಬರುತ್ತದೆ. ಹಿಂದೆ ಕುಳಿತ ಒಬ್ಬರು ಎಳೆ ಬಿಡಿಸಿ ಕೊಡಬೇಕು, ಮುಂದೆ ಕುಳಿತ ಇನ್ನೊಬ್ಬರು ಒಂದೊಂದೇ ಹಲ್ಲಿನಿಂದ ಅದನ್ನು ಎಳೆದುಕೊಳ್ಳಬೇಕು. ಎಳೆ ಬಿಡಿಸಿ ಕೊಡಲು ನನ್ನ ಬೆರಳಿಗೆ ಇನ್ನೂ ಬರುತ್ತದೆ. ಎಳೆದುಕೊಳ್ಳಲು ಚುರುಕು ಕಣ್ಣು ಬೇಕು, ಅದು ನನಗಿಲ್ಲ. ಎದುರಿಗೆ ಒಬ್ಬರು ಕುಳಿತರೆ ಸಾಕಿತ್ತು. ಸೊಸೆಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ, ಅದನ್ನು ಮುಚ್ಚಿಡದೆ ಹೇಳಿದಳು. ಪಕ್ಕದ ಮನೆಯಾಕೆಗೆ ತನ್ನ ಮಗ್ಗವೇ ಸಾಕಾಗಿತ್ತು. ಮೊಮ್ಮಗಳು ಸಣ್ಣವಳಿದ್ದಾಗ ನನ್ನೆದುರು ಕುಳಿತು ಕಲಿತಿದ್ದಳು, ಅವಳ ಬೆರಳು ನನ್ನ ಬೆರಳಿಗಿಂತ ಚುರುಕು. ಫೋನ್ ಮಾಡಿಸಿದೆ.

"ಐತವಾರ ಬರ್ತೇನಿ ಆಯಿ. ಮರಿಗೆ ಹೊಡದಿಲ್ಲ ಹೌದಿಲ್ಲೋ?"

ಬಂದಳು. ಮರಿಯ ಕೊರಳಿಗೆ ಕೆಂಪು ಪಟ್ಟಿ ತಂದಿದ್ದಳು. ಮುಂಜಾನೆಯೆಲ್ಲ ಅಂಗಳದಲ್ಲಿ ಅದಕ್ಕೆ ಕೈ ಕೊಡುವುದನ್ನು ಕಲಿಸಿದಳು, ಕೈ ಕೊಟ್ಟಾಗಲೆಲ್ಲ ವಿಡಿಯೋ ತೆಗೆದಳು. ನಾನು ಹೊಸ ಹಾಸು ಬಿಚ್ಚಿಟ್ಟುಕೊಂಡು ಹಣಿಗೆಯ ಹಿಂದೆ ಕುಳಿತಿದ್ದೆ.

"ಬಾರವ್ವ."

"ಊಟಾ ಆದ ಮ್ಯಾಲ ಆಯಿ."

ಊಟವಾದ ಮೇಲೆ ಕುಳಿತಳು. ಕೈ ಮರೆತಿರಲಿಲ್ಲ. ನಾನು ಎಳೆ ಕೊಟ್ಟಂತೆ ಸರಸರ ಎಳೆದುಕೊಂಡಳು. ನನಗೆ ಮಾತೇ ಬೇಡವಾಗಿತ್ತು, ಅಷ್ಟು ಹಿತವಾಗಿತ್ತು. ಸೀರೆಯ ಅಂಚಿನ ಒಂದು ದಡಿಯಷ್ಟು ಅಗಲ ತುಂಬಿರಬೇಕು, ಅವಳು ಕಣ್ಣು ತಿಕ್ಕಿಕೊಂಡು ಹಿಂದೆ ಸರಿದಳು.

"ಆಯಿ, ಸಿಟ್ಟಾಗಬ್ಯಾಡ. ಇದು ಯಾರಿಗಿ ಬೇಕಾಗೈತಿ ಈಗ?"

"ನನಗ ಬೇಕಾಗೈತಿ."

"ಅಪ್ಪ ಅಂಗಡಿ ಇಡ್ತಾನ, ನೀ ಆರಾಮ ಕುಂದ್ರು. ಮರಿ ಐತಲ್ಲ ನಿನಗ."

"ಮರಿ ನಿನಗ ಬೇಕಾಗಿತ್ತು, ನಾ ಇಟಗೊಂಡೆ. ಮಗ್ಗ ನನಗ ಬೇಕಾಗೈತಿ. ನೀ ಕುಂದ್ರು."

ಅವಳು ಅತ್ತಳು. ಅತ್ತವಳನ್ನು ಎದುರಿಗೆ ಕೂರಿಸಿಕೊಂಡು ಕೆಲಸ ತೆಗೆಯಲು ಬರುವುದಿಲ್ಲ. ಸಂಜೆಯ ಬಸ್ಸಿಗೆ ಹೋದಳು. ಮುಂದಿನ ಐತವಾರ ಪರೀಕ್ಷೆ ಎಂದಳು, ಅದರ ಮುಂದಿನದಕ್ಕೆ ಬಾದಾಮಿಗೆ ಗೆಳತಿಯರ ಜೊತೆ ಹೋಗುವುದಿದೆ ಎಂದಳು. ಆಮೇಲೆ ನಾನೂ ಕೇಳಲಿಲ್ಲ.

ಹಣಿಗೆಯಲ್ಲಿ ದಡಿಯಷ್ಟು ಅಗಲ ನೂಲು ಉಳಿಯಿತು. ನೂಲಿದ್ದ ಮೇಲೆ ಮಗ್ಗ ಕೀಳುವಂತಿಲ್ಲ. ಮಗ ಸುಮ್ಮನಾದ. ಸುಮ್ಮನಾದ ಎಂದರೆ ಒಪ್ಪಿದ ಎಂದಲ್ಲ. ಚಹಾ ಕುಡಿಯುತ್ತ ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದ, ನನ್ನನ್ನು ನೋಡುತ್ತಿದ್ದ, ಹಣಿಗೆಯನ್ನು ನೋಡುತ್ತಿದ್ದ. ಇವಳು ಇನ್ನೆಷ್ಟು ದಿನ ಇರುತ್ತಾಳೆ ಎಂದು ಲೆಕ್ಕ ಹಾಕುವವರ ನೋಟ ನನಗೆ ತಿಳಿಯುತ್ತದೆ. ನನ್ನ ಅತ್ತೆಯ ಕೊನೆಗಾಲದಲ್ಲಿ ಮನೆಯವರೆಲ್ಲ ಹಾಗೇ ನೋಡಿದ್ದರು.

ನೇಯಲು ಬಾರದ ಮಗ್ಗದಲ್ಲಿ ನಾಲ್ಕು ಎಳೆ ಇಟ್ಟುಕೊಂಡು ಮಕ್ಕಳನ್ನು ಹೆದರಿಸುವುದು ನನಗೆ ಹೇಸಿಗೆ ಅನಿಸಿತು. ಒಂದು ಮುಂಜಾನೆ ಜಳಕ ಮಾಡಿ ಬಂದು, ಮೊಮ್ಮಗಳು ತುಂಬಿದ ಎಳೆಗಳನ್ನು ನಾನೇ ಹಿಡಿದು ಎಳೆದು ತೆಗೆದೆ. ಮಗ ಅಂಗಡಿಗೆ ಹೊರಟಿದ್ದ. ಕರೆದೆ.

"ಖಾಲಿ ಆತು ನೋಡು. ಕರಕೊಂಡ ಬಾ ನಿಮ್ಮ ಟೈಲ್ಸಿನಾಂವನ್ನ."

"ಯವ್ವಾ, ನಾ ಏನರ ಅಂದೆನೇನು?"

"ಇಲ್ಲಪಾ. ನೀ ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ."

ಮೊರಂ ಮಣ್ಣು ತಂದು ಸುರಿದರು, ಕುಣಿ ತುಂಬಿತು. ಮೇಲೆ ಬಿಳಿ ಟೈಲ್ಸ್ ಬಂತು. ಮಗ್ಗದ ಕಟ್ಟಿಗೆ ಹಿತ್ತಲಲ್ಲಿ ಬಿದ್ದಿದೆ. ಸೊಸೆ ಅದರ ಮೇಲೆ ಹಾಸಿಗೆ ಒಣಗಹಾಕುತ್ತಾಳೆ.

ಆ ದಿನಗಳಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಮರಿಗೆ ಮೊದಲಿನಿಂದ ಕಲಿಸಿದೆ. ಈ ಸಲ ಹೊಸ್ತಿಲಿನ ಹೊರಗೆ ನಾನೂ ಅದರ ಪಕ್ಕದಲ್ಲಿ ಕುಳಿತೆ. ಒಳಗೆ ಕಾಲಿಟ್ಟರೆ ಏನೂ ಇಲ್ಲ, ಹೊರಗೇ ಕುಳಿತರೆ ರೊಟ್ಟಿಯ ಚೂರು. ಬೇಗ ಕಲಿಯಿತು. ಈಗ ಬೆಳೆದು ನಾಯಿಯಾಗಿದೆ. ಅಂಗಡಿಯ ಬಾಗಿಲು ದಿನವಿಡೀ ತೆರೆದಿರುತ್ತದೆ, ಆದರೂ ಒಂದು ಕಾಲು ಒಳಗಿಡುವುದಿಲ್ಲ.

ಸೀರೆಗೆ ಬಂದ ಹೆಂಗಸರು ನಿಂತು ನೋಡುತ್ತಾರೆ. "ಎಷ್ಟ ಶಿಸ್ತ ಐತಿರಿ ನಿಮ್ಮ ನಾಯಿ! ಯಾರ್ ಕಲಿಸ್ಯಾರಿ?"

"ನಮ್ಮವ್ವರಿ," ಎನ್ನುತ್ತಾನೆ ಮಗ. ಆ ಮಾತಿನಲ್ಲಿ ಹೆಮ್ಮೆ ಇರುತ್ತದೆ. ನಾನು ನೇಯ್ದ ಸೀರೆಯ ವಿಷಯದಲ್ಲಿ ಅವನ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ.

ಒಳಗಿನ ಸೀರೆಗಳೆಲ್ಲ ಪ್ಲಾಸ್ಟಿಕ್ ಚೀಲದಲ್ಲಿವೆ, ಗಂಜಿಯ ವಾಸನೆ ಹೊರಗೆ ಬರುವುದಿಲ್ಲ. ನಾಯಿಗೂ ನನಗೂ ಆ ಕೋಣೆಗೆ ಹೋಗುವ ಕಾರಣ ಉಳಿದಿಲ್ಲ. ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತೇವೆ, ಮಂದಿ ಅದನ್ನು ಶಿಸ್ತು ಅನ್ನುತ್ತಾರೆ.