ವಷ್ಟಿ ಎಂದೇ ಕರೆಯಿರಿ

"ಅಡ್ಡಹೆಸರು ಏನ್ರಿ?"

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡತಿ ಗಂಗವ್ವ ಬಾಗಿಲಲ್ಲೇ ನಿಂತು ಕೇಳಿದ ಮೊದಲ ಮಾತು ಇದು. ನನಗೆ ಮೈ ಉರಿಯಿತು. ನಮ್ಮ ಕೋಲಾರದ ಕಡೆ ಅಡ್ಡಹೆಸರೆಂದರೆ ಬೋಂಡ, ಗುಂಡ ಎಂದು ಬೀದಿಯಲ್ಲಿ ಛೇಡಿಸುವ ಹೆಸರು. "ನನಗೆ ಅಂಥದ್ದೇನೂ ಇಲ್ಲ" ಎಂದೆ ಬಿಗಿಯಾಗಿ. ಗಂಗವ್ವ ಅನಾಥಳನ್ನು ನೋಡುವಂತೆ ನೋಡಿದರು. ಇಲ್ಲಿ ಅದು ಉಳ್ಳಾಗಡ್ಡಿ, ಮೆಣಸಿನಕಾಯಿ, ಅಂಗಡಿ ಎಂಬಂಥ ಮನೆತನದ ಹೆಸರು ಎಂದು ತಿಳಿದದ್ದು ಆಮೇಲೆ.

"ಹೋಗ್ಲಿ, ನಿನ್ನ ಹೆಸರರ ಏನು?"

"ವಷ್ಟಿ."

"ಇದೆಂಥಾ ಹೆಸರವಾ!"

ನಾವು ಕ್ರೈಸ್ತರು, ಇದು ಬೈಬಲಿನಲ್ಲಿರುವ ಒಬ್ಬ ರಾಣಿಯ ಹೆಸರು ಎಂದೆ. ಪರ್ಷಿಯಾದ ಅರಸ ಔತಣದ ಅಮಲಿನಲ್ಲಿ, ಹೆಂಡತಿಯ ಚೆಲುವನ್ನು ನೆರೆದವರಿಗೆ ತೋರಿಸಲು ಅವಳನ್ನು ಕರೆಕಳಿಸಿದ. ವಷ್ಟಿ ಬರುವುದಿಲ್ಲ ಎಂದಳು. ರಾಣಿಯ ಪಟ್ಟ ಹೋಯಿತು. ಆ ಹೆಸರಿಗೆ ಸುಂದರಿ ಎಂಬ ಅರ್ಥವೆಂದು ಕೆಲವರು, ಶ್ರೇಷ್ಠಳು ಎಂದು ಕೆಲವರು ಹೇಳುತ್ತಾರೆ. ಹೆಸರಿಟ್ಟ ನನ್ನ ಅಮ್ಮನಿಗೆ ಅದರ ಅರ್ಥ ಒಂದೇ: ಬರುವುದಿಲ್ಲ ಎಂದವಳು.

ಗಂಗವ್ವ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ಅರಸ ಕರದ್ರೂ ಹೋಗಲಿಲ್ಲಾ? ನಮ್ಮ ಶರಣೇರೊಳಗೂ ಅರಸನ್ನ ಬಿಟ್ಟು ಹೊಂಟಾಕಿ ಒಬ್ಬಾಕಿ ಅದಾಳ. ಒಳಗ ಬಾ, ಚಾ ಕುಡಿ. ಮನ್ಯಾಗ ಮಾಂಸ ಮಾತ್ರ ಮಾಡಬ್ಯಾಡ." ಒಪ್ಪಿದೆ. ಮನೆ ಸಿಕ್ಕಿತು.

ಭಾಷೆ ಮಾತ್ರ ಸುಲಭಕ್ಕೆ ಸಿಗಲಿಲ್ಲ. ನಾನು ಆಸ್ಪತ್ರೆಯ ನರ್ಸು. ಒಬ್ಬಾತ ಓಡಿಬಂದು "ಸಿಸ್ಟರ್, ನಮ್ಮಾಕಿ ಬ್ಯಾನಿ ತಿನ್ನಾಕತ್ತಾಳ್ರಿ" ಎಂದ. "ಏನು ತಿಂದರು? ವಾಂತಿ ಆಯಿತಾ?" ಎಂದೆ. ವಾರ್ಡಿಗೆ ವಾರ್ಡೇ ನಕ್ಕಿತು. ಆಕೆ ಹೆರಿಗೆ ನೋವಿನಲ್ಲಿದ್ದಳು. ಮುದ್ದೆ ನುಂಗಿ ಬೆಳೆದ ನಾನು ಒಬ್ಬಳೇ ಕೂತು ಖಡಕ್ ರೊಟ್ಟಿ ಮುರಿಯುವಾಗ ಆ ಸದ್ದೊಂದೇ ಕೋಣೆ ತುಂಬುತ್ತಿತ್ತು.

ಚರ್ಚಾದರೂ ತವರಿನಂತಿರುತ್ತದೆ ಎಂದುಕೊಂಡಿದ್ದೆ. ಕೀರ್ತನೆಗಳ ರಾಗ ನಮ್ಮದೇ. ಆದರೆ ಅಲ್ಲಿನ ಅಯ್ಯನವರು, ಎಂದರೆ ನಮ್ಮ ಪಾಸ್ಟರು, ಆರಾಧನೆಯ ನಂತರ ನನ್ನನ್ನು ಪಕ್ಕಕ್ಕೆ ಕರೆದರು.

"ಬರೋ ರವಿವಾರ ನಿಮ್ಮನ್ನ ನಮ್ಮ ಚರ್ಚಿನ ಸಭಿಗೆ ಸೇರಿಸ್ಕೋತೇವಿ. ಆದ್ರ ಈ ಹೆಸರು ಬ್ಯಾಡ್ರಿ. ಗಂಡನ ಮಾತು ಮೀರಿದಾಕಿ ಆಕಿ. ಎಸ್ತೇರ ಅಂತ ಕರೀತೇನಿ. ಆಕಿ ಜಾಗಾಕ್ಕ ಬಂದ ಒಳ್ಳೆ ರಾಣಿ."

"ನನಗೆ ದೀಕ್ಷಾಸ್ನಾನ ಆಗಿರುವುದೇ ಈ ಹೆಸರಿನಲ್ಲಿ, ಅಯ್ಯನವರೇ."

"ಉಳದ ಹೆಣ್ಮಕ್ಕಳು ನೋಡಿ ಕಲೀತಾರಲ್ರಿ" ಎಂದು ಹೊರಟುಹೋದರು.

ಅಮ್ಮನಿಗೆ ಫೋನ್ ಮಾಡಿದೆ. "ಒಪ್ಕೊಂಡ್ಬಿಡಮ್ಮ. ಒಂಟಿ ಹೆಣ್ಣು, ಕಷ್ಟಕ್ಕೆ ಸಭೆ ಬೇಕಾಗುತ್ತೆ" ಎಂದಳು. ಹೆಸರಿಟ್ಟವಳೇ ಹಾಗೆಂದಳಲ್ಲ ಎಂಬ ಸಿಟ್ಟಿಗೆ ಅತ್ತೆ.

ಭಾನುವಾರ ಅಯ್ಯನವರು "ಸಹೋದರಿ ಎಸ್ತೇರ ಮುಂದೆ ಬರಬೇಕು" ಎಂದರು. ನಾನು ಕೂತೇ ಇದ್ದೆ. ಮತ್ತೊಮ್ಮೆ ಕರೆದರು. ತಲೆಗಳೆಲ್ಲ ನನ್ನತ್ತ ತಿರುಗಿದವು. ಇದ್ದಲ್ಲೇ ಎದ್ದು ನಿಂತೆ.

"ಎಸ್ತೇರ ಎನ್ನುವವರು ಇಲ್ಲಿಗೆ ಬಂದಿಲ್ಲ. ನನ್ನ ಹೆಸರು ವಷ್ಟಿ. ಕುಡಿದ ಗಂಡಸರ ಮುಂದೆ ಬರುವುದಿಲ್ಲ ಎಂದವಳ ಹೆಸರು. ಅದೇ ಹೆಸರಿನಲ್ಲಿ ಕರ್ತನ ಮುಂದೆ ಬಂದಿದ್ದೇನೆ. ಸೇರಿಸಿಕೊಳ್ಳದಿದ್ದರೂ ಪ್ರತಿ ವಾರ ಬರುತ್ತೇನೆ."

ಅಯ್ಯನವರು ಮುಂದಿನ ಕೀರ್ತನೆ ಹೇಳಿಸಿದರು.

ಹೇಳಿದಂತೆ ಹೋದೆ. ಪಕ್ಕದಲ್ಲಿ ಯಾರೂ ಕೂರಲಿಲ್ಲ, ಆದರೂ ಹೋದೆ. ಭಕ್ತಿಯೆಂದರೆ ತಲೆಬಾಗುವುದು ಹೌದು. ಯಾರ ಮುಂದೆ ಎಂಬುದನ್ನು ನಾನು ಎಂದೋ ಆರಿಸಿಕೊಂಡಾಗಿದೆ.

ಒಂದು ವಾರ ಹುನಗುಂದದ ಸುಗಂಧಿ ಎಂಬಾಕೆ ಬಂದು ನನ್ನ ಬೆಂಚಿನಲ್ಲೇ ಕೂತಳು. ಅವಳ ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದು ನಾನೇ. ಕುಡಿದ ಗಂಡ ಹೊಡೆದು ಆದ ಗಾಯವದು. "ಅಕ್ಕಾರ, ಬರಂಗಿಲ್ಲ ಅಂದಾಕಿ ಕಥಿ ಬೈಬಲ್‌ನ್ಯಾಗ ಎಲ್ಲೈತ್ರಿ? ನಮಗ ಎಸ್ತೇರದ್ದು ಅಷ್ಟ ಹೇಳ್ತಾರ."

ಎಸ್ತೇರಳ ಪುಸ್ತಕದ ಮೊದಲ ಅಧ್ಯಾಯವನ್ನೇ ತೆರೆದು ಕೊಟ್ಟೆ. ಚರ್ಚಿನ ಮೆಟ್ಟಿಲ ಮೇಲೆ ಕೂತು ಬೆರಳಿಟ್ಟುಕೊಂಡು ಓದಿದಳು. ಮುಂದಿನ ವಾರ ಇನ್ನಿಬ್ಬರು ಹೆಂಗಸರನ್ನು ಕರೆತಂದಳು. ಈಸ್ಟರ್ ಕಳೆದ ಮೇಲೆ ಅಯ್ಯನವರು ನನ್ನ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ ಸಭೆಗೆ ಸೇರಿಸಿಕೊಂಡರು. ಆರಾಧನೆಯಲ್ಲಿ ಬೈಬಲಿನ ವೇದಪಾಠ ಓದಲು ಮಾತ್ರ ಇವತ್ತಿಗೂ ಕರೆದಿಲ್ಲ.

ಕ್ರಿಸ್ಮಸ್ಸಿಗೆ ಕೋಲಾರಕ್ಕೆ ಹೋದೆ. ಅಂದು ಬೋಧನೆ ಮಾಡಿದ ನಮ್ಮ ಚರ್ಚಿನ ಹಿರಿಯರೊಬ್ಬರಿಗೆ "ಪ್ರಸಂಗ ಭಾಳ ಚಲೋ ಇತ್ರಿ" ಎಂದುಬಿಟ್ಟೆ. "ಯಾವೂರಮ್ಮ ನಿಂದು?" ಎಂದರು, ನನ್ನನ್ನು ಎತ್ತಿ ಆಡಿಸಿದವರು.

ಸಂಜೆ ಅಮ್ಮ ಮುದ್ದೆ ತೊಳಸುವಾಗ ಗಂಗವ್ವನ ಫೋನು. "ಮನಿಗಿ ಯಾವಾಗ ಬರ್ತೀವಾ? ನೀ ಇಲ್ದ ಬ್ಯಾಸರ ಆಗೇತಿ."

"ಸೋಮವಾರ ಮನಿಗೆ ಬರ್ತೇನಿ" ಎಂದೆ.

ಅಮ್ಮನ ಕೈ ನಿಂತಿತು. "ಯಾವ ಮನೆಗೇ?" ಎಂದಳು.

ಅಯ್ಯನವರಿಗೆ, ತುಂಬಿದ ಸಭೆಗೆ ಉತ್ತರ ಕೊಟ್ಟ ನಾನು ಅಮ್ಮನ ಕೈಯಿಂದ ಕೋಲು ತೆಗೆದುಕೊಂಡು ಮುದ್ದೆ ತೊಳಸತೊಡಗಿದೆ.